ನಿನ್ನೆಯ ಆನೆ, ಇವತ್ತಿನ ಮೆಸೇಜು

‘ಒಂಟಿ ಸಲಗ ರಸ್ತೆ ಪಕ್ಕದ ತೋಟದಲ್ಲೇ ಇದೆ, ಹುಷಾರು.’ ಕೆಂಚಮ್ಮನ ಹೊಸಕೋಟೆ ಕಡೆ ಕೆಲಸಕ್ಕೆ ಹೊರಟವರ ಫೋನಿಗೆ ಬೆಳಿಗ್ಗೆ ಇಂಥ ಮೆಸೇಜು ಬಂತು ಅನ್ನಿ. ಅದು ಈಗಿನದೋ, ನಿನ್ನೆಯದನ್ನೇ ಯಾರಾದರೂ ಫಾರ್ವರ್ಡ್ ಮಾಡಿದ್ದೋ? ಸಕಲೇಶಪುರ, ಆಲೂರು ಭಾಗದಲ್ಲಿ ಕಾಡಾನೆಗಳ ಸುಳಿವು ಎಸ್ಸೆಮ್ಮೆಸ್, ವಾಟ್ಸಾಪ್ ಗ್ರೂಪು, ರಸ್ತೆ ಬದಿಯ ಎಲ್‌ಇಡಿ ಫಲಕಗಳ ಮೂಲಕ ಜನರಿಗೆ ತಲುಪುತ್ತದೆ. ಫಲಕದ ಬರಹ ಬದಲಾಗುತ್ತದೆ. ಫೋನಿನ ಮೆಸೇಜು ಮಾತ್ರ ಬಿದ್ದಲ್ಲೇ ಬಿದ್ದಿರುತ್ತದೆ. ಆನೆಯಂತೂ ರಾತ್ರಿ ಕಳೆಯುವಷ್ಟರಲ್ಲಿ ತೋಟ ಬದಲಿಸಿರುತ್ತದೆ.

ಹಾಕಿದ್ದು ತಾನಾಗಿಯೇ ಅಳಿಸಿಹೋಗಲಿ ಎಂದು ಜನ ಬಯಸುವುದಕ್ಕೆ ನಮ್ಮ ಕಡೆ ಮೊದಲ ಕಾರಣ ಇದೇ: ಹಳಸಿದ ಸುದ್ದಿ ದಾರಿ ತಪ್ಪಿಸುತ್ತದೆ. ಕಾಫಿ ವ್ಯಾಪಾರಿಗಳು ಸ್ಟೇಟಸ್‌ನಲ್ಲಿ ಹಾಕುವ ರೇಟು ನೋಡಿ. ರೊಬಸ್ಟಾ ಚೆರಿ 50 ಕೆ.ಜಿ. ಮೂಟೆಗೆ ಇವತ್ತು ಇಷ್ಟು ಎಂದದ್ದು ನಾಳೆಯೂ ಕಾಣುತ್ತಿದ್ದರೆ ಅಂಗಡಿ ಮುಂದೆ ಜಗಳವೇ. ಹೂಮಳೆ ಎಷ್ಟು ಸೆಂಟ್ ಬಂತು ಎಂಬ ಸ್ಟೇಟಸ್ಸಿಗೂ ಒಂದೇ ದಿನದ ಆಯಸ್ಸು ಸಾಕು. ಇನ್ನು ಹುಡುಗರ ಲೆಕ್ಕ ಬೇರೆ. ಕಾಲೇಜಿನ ದಿನಗಳ ತಮಾಷೆಯನ್ನು ಮುಂದೆ ಕೆಲಸ ಕೊಡುವವರೋ ಹೆಣ್ಣು ನೋಡಲು ಬಂದವರೋ ಕೆದಕಬಾರದು ಎಂಬ ಎಚ್ಚರ. ಅದನ್ನು ಕಳ್ಳತನ ಎಂದು ಹಿರಿಯರು ಗೊಣಗುವುದು ಸರಿಯಲ್ಲ.

ಹೀಗೆ ತಾನಾಗಿ ಅಳಿಸಿಹೋಗುವುದರಲ್ಲಿ ಎರಡು ಬಗೆ. ಸ್ಟೇಟಸ್, ಸ್ಟೋರಿಗಳದ್ದು 24 ಗಂಟೆಯ ಬಾಳು. ಸ್ನ್ಯಾಪ್‌ಚಾಟ್ 2013ರಲ್ಲಿ ತಂದದ್ದನ್ನು 2016ರಲ್ಲಿ ಇನ್‌ಸ್ಟಾಗ್ರಾಂ, 2017ರಲ್ಲಿ ವಾಟ್ಸಾಪ್ ಎತ್ತಿಕೊಂಡವು. ಎರಡನೆಯದು ಡಿಸಪಿಯರಿಂಗ್ ಮೆಸೇಜಸ್, ಅಂದರೆ ಗಡುವು ಮುಗಿದ ಮೇಲೆ ಚಾಟ್‌ನಿಂದ ಮಾಯವಾಗುವ ಸಂದೇಶ. ವಾಟ್ಸಾಪ್‌ನಲ್ಲಿ 2020ರಲ್ಲಿ ಬಂದಾಗ 7 ದಿನ ಒಂದೇ ಆಯ್ಕೆ. ಮರುವರ್ಷ 24 ಗಂಟೆ, 90 ದಿನ ಸೇರಿದವು.

ಹಾಕಿಕೊಳ್ಳುವುದು ಹೇಗೆ? ಚಾಟ್ ಅಥವಾ ಗ್ರೂಪಿನ ಹೆಸರು ಒತ್ತಿ. ಕೆಳಗೆ ಡಿಸಪಿಯರಿಂಗ್ ಮೆಸೇಜಸ್ ಎಂದಿರುತ್ತದೆ. ಅವಧಿ ಆರಿಸಿ, ಮುಗಿಯಿತು. ದುಡ್ಡು ಕೊಡಬೇಕಿಲ್ಲ, ಬೇರೆ ಆಪ್ ಬೇಡ. ಹಳೆಯ ಮೆಸೇಜುಗಳೂ ಹೋಗುತ್ತವೆಯೇ ಎಂಬ ಭಯ ಬೇಡ, ಇನ್ನು ಮುಂದೆ ಕಳಿಸುವುದಕ್ಕೆ ಮಾತ್ರ ಅನ್ವಯ. ಗ್ರೂಪಿನಲ್ಲಿ ಸದಸ್ಯರಲ್ಲಿ ಯಾರು ಬೇಕಾದರೂ ಇದನ್ನು ಬದಲಿಸಬಹುದು, ಅಡ್ಮಿನ್ ಬಿಗಿ ಮಾಡಿದ್ದರೆ ಮಾತ್ರ ಅವರೊಬ್ಬರದೇ ಅಧಿಕಾರ. ಆನೆ ಸುಳಿವಿನ ಗ್ರೂಪಿಗೆ 24 ಗಂಟೆ ಇಟ್ಟು, ಹಾಗೆ ಬಿಗಿ ಮಾಡಿಕೊಳ್ಳಿ ಎಂಬುದು ನನ್ನ ಸಲಹೆ. ಆದರೂ ಮೆಸೇಜಿನೊಳಗೆ ತಾರೀಕು, ಗಂಟೆ, ತೋಟದ ಹೆಸರು ಬರೆದೇ ಕಳಿಸಿ. ಏಕೆಂದರೆ ಗಡುವಿಲ್ಲದ ಇನ್ನೊಂದು ಗ್ರೂಪಿಗೆ ಫಾರ್ವರ್ಡ್ ಆದ ಪ್ರತಿ ಅಲ್ಲಿ ಹಾಗೇ ಉಳಿಯುತ್ತದೆ.

ಮಾಯವಾಯಿತು ಎಂದರೆ ಪೂರ್ತಿ ಅಳಿಯಿತು ಎಂದಲ್ಲ. ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿರಬಹುದು. ಗ್ಯಾಲರಿಗೆ ಇಳಿದ ಫೋಟೊ ಅಲ್ಲೇ ಇರುತ್ತದೆ. ಒಮ್ಮೆ ಮಾತ್ರ ತೆರೆಯುವ ‘ವ್ಯೂ ಒನ್ಸ್’ ಫೋಟೊಗೆ ಸ್ಕ್ರೀನ್‌ಶಾಟ್ ತಡೆ ಇದೆ, ನಿಜ. ಪಕ್ಕದವನ ಫೋನಿನ ಕ್ಯಾಮೆರಾಕ್ಕೆ ಯಾವ ತಡೆ?

ಕೆಲವನ್ನು ಮಾಯವಾಗಲು ಬಿಡಲೇಬಾರದು. ಆನೆ ತುಳಿದ ಭತ್ತದ ಗದ್ದೆ, ಮುರಿದ ಕಾಫಿ ಗಿಡಗಳ ಫೋಟೊ ಪರಿಹಾರದ ಅರ್ಜಿಗೆ ಬೇಕು. ಗಡುವಿರುವ ಗ್ರೂಪಿಗೆ ಹಾಕಿ ಸುಮ್ಮನಾಗಬೇಡಿ, ಫೋನಿನಲ್ಲಿ ಮೂಲ ಫೋಟೊ ಇಟ್ಟುಕೊಳ್ಳಿ. ಬೇರೆಯವರು ಕಳಿಸಿದ್ದಾದರೆ ಮೆಸೇಜನ್ನು ಒತ್ತಿ ಹಿಡಿದು ‘ಕೀಪ್’ ಆರಿಸಬಹುದು, ಆದರೆ ಕಳಿಸಿದವರು ಬೇಡವೆಂದರೆ ಅದು ಉಳಿಯದು. ಬೆದರಿಕೆಯ ಮೆಸೇಜು ಬಂದರೆ ಕಳಿಸಿದವರ ನಂಬರು ಕಾಣುವಂತೆ ಕೂಡಲೇ ಸ್ಕ್ರೀನ್‌ಶಾಟ್ ತೆಗೆದು ಠಾಣೆಗೆ ಹೋಗಿ. ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.