ಹಿಮಾಲಯದ ನ್ಯೂಟ್: ಕರಗುತ್ತಿರುವ ಮೂಲಧನ

ನೋಡಲು ಹಲ್ಲಿಯಂತಿದ್ದರೂ ನ್ಯೂಟ್ ಎಂಬುದು ಕಪ್ಪೆಯ ಬಂಧು, ಬಾಲವುಳ್ಳ ಉಭಯಚರ. ಭಾರತದಲ್ಲಿ ಇದರ ನೆಲೆ ಪೂರ್ವ ಹಿಮಾಲಯ ಹಾಗೂ ಈಶಾನ್ಯದ ಬೆಟ್ಟಗಳು ಮಾತ್ರ. ಡಾರ್ಜಿಲಿಂಗಿನ ನ್ಯೂಟನ್ನು ವಿಜ್ಞಾನಿಗಳು ಬಹುಕಾಲ ಚೀನದ ಯುನ್ನಾನ್ ಪ್ರಾಂತದ ಜಾತಿಯೊಂದಿಗೇ ಎಣಿಸುತ್ತಿದ್ದರು. 2015ರಲ್ಲಿ ಹಿಮಾಲಯದ ನ್ಯೂಟಿಗೆ ಪ್ರತ್ಯೇಕ ಪ್ರಭೇದದ ಸ್ಥಾನ ದೊರೆಯಿತು.

ಚಳಿಗಾಲದಲ್ಲಿ ಇದು ಕಲ್ಲು, ಮರದ ದಿಮ್ಮಿಗಳ ಅಡಿಯಲ್ಲಿ ಅಡಗಿ ನಿದ್ರಿಸುತ್ತದೆ. ಮಳೆ ಬಂದೊಡನೆ ಕೊಳಕ್ಕಿಳಿದು ಮೊಟ್ಟೆಯಿಡುತ್ತದೆ. ನೆಲ, ನೀರು ಎರಡರಲ್ಲಿ ಒಂದು ಕೆಟ್ಟರೂ ಸಂತತಿ ನಿಲ್ಲುತ್ತದೆ. ಇಂದು ಎರಡೂ ಕೆಡುತ್ತಿವೆ. ಕಟ್ಟಡ, ರಸ್ತೆಗಳಿಗಾಗಿ ಕೊಳಗಳು ಮುಚ್ಚಿಹೋಗುತ್ತಿವೆ. ಹೊರಗಿನಿಂದ ತಂದು ಬಿಟ್ಟ ಮೀನುಗಳು ಮೊಟ್ಟೆ, ಮರಿಗಳನ್ನು ತಿನ್ನುತ್ತವೆ. ಚರ್ಮದ ಮೂಲಕವೇ ನೀರನ್ನು ಹೀರುವ ಈ ಜೀವಿಗೆ ಕೊಳಕ್ಕೆ ಹರಿದುಬರುವ ಕೀಟನಾಶಕವೂ ಮಾರಕವೇ.

ಇದರ ಅಳಿವು ಮಾನವನ ಆರೋಗ್ಯಕ್ಕೂ ನಷ್ಟವೇ ಸರಿ. ನ್ಯೂಟ್ ಮರಿಗಳಿಗೆ ಸೊಳ್ಳೆಯ ಮರಿಗಳು ಆಹಾರ. ಕತ್ತರಿಸಿದ ಕಾಲನ್ನು, ಕಣ್ಣಿನ ಮಸೂರವನ್ನು ಮರಳಿ ಬೆಳೆಸಿಕೊಳ್ಳುವ ನ್ಯೂಟ್‌ಗಳ ಶಕ್ತಿಯು ವೈದ್ಯವಿಜ್ಞಾನಕ್ಕೆ ಇಂದಿಗೂ ಪಾಠವಾಗಿದೆ.

ರಕ್ಷಣೆ ಇಲ್ಲವೆಂದಲ್ಲ. 1985ರಲ್ಲಿ ಸುಖಿಯಾಪೋಖ್ರಿಯ ಬಳಿಯ ಜೋರೆಪೋಖ್ರಿ ಎಂಬ ಪುಟ್ಟ ಅವಳಿ ಕೊಳ ಅಭಯಾರಣ್ಯವಾಯಿತು. 2019ರಲ್ಲಿ ಈ ಕುಲದ ಅಂತರರಾಷ್ಟ್ರೀಯ ವ್ಯಾಪಾರವು ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂದಿತು. ಆದರೆ ಕಾನೂನಿನಿಂದ ಹಿಡಿಯುವವನನ್ನು ತಡೆಯಬಹುದಲ್ಲದೆ, ಹೂತುಹೋದ ಕೊಳವನ್ನು ತುಂಬಿಸಲಾಗದು. ಅಭಯಾರಣ್ಯದ ಹೊರಗಿರುವ ತೋಟದ, ಊರಿನ ಕೊಳಗಳು ಉಳಿಯಬೇಕಾದರೆ ಅವುಗಳ ಒಡೆಯರೇ ಮನಸ್ಸು ಮಾಡಬೇಕು. ಬಡ್ಡಿಯನ್ನು ಉಣ್ಣುವವನು ಅಸಲನ್ನು ಕಾಯಬೇಕೆಂಬುದು ವ್ಯವಹಾರದ ಮೊದಲ ಪಾಠ. ಪ್ರಕೃತಿಯ ಲೆಕ್ಕವೂ ಅದಕ್ಕೆ ಹೊರತಲ್ಲ.