ಕೂತಲ್ಲೇ ಬರುವ ಎದೆನೋವಿಗೆ ಸ್ಟೆಂಟ್ ಎಷ್ಟು ಆಸರೆ?

ಪ್ರಶ್ನೆ: ಅನ್‌ಸ್ಟೇಬಲ್ ಆಂಜೈನಾ ಇದ್ದವರಿಗೆ ಆಂಜಿಯೋಪ್ಲಾಸ್ಟಿ ಆದಮೇಲೆ ಹೃದಯಾಘಾತದ ಭಯ ಇರುವುದಿಲ್ಲವೇ?

ಉತ್ತರ: ಭಯ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಮೆಟ್ಟಿಲು ಹತ್ತಿದಾಗ ಬಂದು, ಕೂತರೆ ಇಳಿಯುವ ನೋವು ಬೇರೆ. ಸುಮ್ಮನೆ ಕೂತಾಗಲೂ ಕಾಡುವ, ದಿನದಿಂದ ದಿನಕ್ಕೆ ಹೆಚ್ಚುವ ಈ ನೋವು ಬೇರೆ. ಇಲ್ಲಿ ಸಾಮಾನ್ಯವಾಗಿ ರಕ್ತನಾಳದ ಒಳಗೋಡೆಯ ಕೊಬ್ಬಿನ ದಿಬ್ಬ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತಿರುತ್ತದೆ.

1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ಕಿರಿದಾದ ನಾಳವನ್ನು ಒಳಗಿಂದಲೇ ಅಗಲಿಸುವ ಮೊದಲ ಆಂಜಿಯೋಪ್ಲಾಸ್ಟಿ ಮಾಡಿದಾಗ ಇದ್ದದ್ದು ಬಲೂನ್ ಒಂದೇ. ಹಸಿ ಹೆಪ್ಪಿನ ಮೇಲೆ ಅದನ್ನು ಉಬ್ಬಿಸಿದರೆ ನಾಳ ಹಠಾತ್ತನೆ ಮುಚ್ಚಿಕೊಳ್ಳುವ ಅಪಾಯವಿತ್ತು. ಹಾಗೆ ಆಗದಿದ್ದರೂ, ಸುಮಾರು ಮೂವರಲ್ಲಿ ಒಬ್ಬರಿಗೆ ಆರು ತಿಂಗಳೊಳಗೆ ಅದೇ ಜಾಗ ಮತ್ತೆ ಕಿರಿದಾಗುತ್ತಿತ್ತು. ನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆಗಳಾದ, ಔಷಧ ಲೇಪಿಸಿದ ಸ್ಟೆಂಟ್‌ಗಳು ಈ ಕಾಟವನ್ನು ಬಹಳ ಕಡಿಮೆ ಮಾಡಿವೆ.

ಎಲ್ಲರಿಗೂ ಲಾಭ ಒಂದೇ ಅಲ್ಲ. ಇಸಿಜಿಯಲ್ಲಿ ಬದಲಾವಣೆ ಕಂಡವರಿಗೆ, ರಕ್ತದಲ್ಲಿ ಟ್ರೋಪೋನಿನ್ (ಹೃದಯ ಸ್ನಾಯುವಿಗೆ ಹಾನಿಯಾದಾಗ ಹೊರಬರುವ ಪ್ರೋಟೀನ್) ಏರಿದವರಿಗೆ, ಮಧುಮೇಹಿಗಳಿಗೆ ಬೇಗ ಆಂಜಿಯೋಗ್ರಾಂ ಮಾಡಿ ಅಡ್ಡಿ ತೆರೆಯುವುದರಿಂದ ಹೆಚ್ಚು ಪ್ರಯೋಜನ. ಅಪಾಯ ಕಡಿಮೆ ಇರುವವರಿಗೆ ಮೊದಲು ಔಷಧ ಕೊಟ್ಟು, ಪರೀಕ್ಷೆ ನೋಡಿ ನಿರ್ಧರಿಸಬಹುದು. ಹೃದಯದ ಮೂರೂ ಮುಖ್ಯ ನಾಳ ಕೆಟ್ಟಿದ್ದು ಮಧುಮೇಹವೂ ಇದ್ದರೆ ಬೈಪಾಸೇ ಮೇಲಾಗಬಹುದು.

ಸ್ಟೆಂಟ್ ರಿಪೇರಿ ಮಾಡುವುದು ಒಂದು ಜಾಗವನ್ನು. ಉಳಿದ ನಾಳಗಳಲ್ಲಿ ರೋಗ ಇದ್ದೇ ಇರುತ್ತದೆ. ಅದಕ್ಕೇ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕು, ಬೀಡಿ ಸಿಗರೇಟು ಬಿಡಲೇಬೇಕು. ಆಸ್ಪಿರಿನ್ ಜೊತೆಗಿನ ಎರಡನೇ ರಕ್ತ ತೆಳುವಾಗಿಸುವ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಹಲ್ಲು ಕೀಳಿಸಲೆಂದು ಕೂಡ ಅದನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ: ಸ್ಟೆಂಟ್‌ನೊಳಗೇ ಹೆಪ್ಪುಗಟ್ಟಿದರೆ ಜೀವಕ್ಕೇ ಕುತ್ತು.