ಅಂಕ ಕೊಟ್ಟದ್ದು ಯಂತ್ರ. ಉತ್ತರ ಕೊಡಬೇಕಾದವರು ಯಾರು?

ನಿಮ್ಮ ಮಗಳ ಶಾಲೆಯಲ್ಲಿ ಕಳೆದ ಮೂರು ವರ್ಷ ಯಾರೂ ಶೇ. 90 ದಾಟಿಲ್ಲ ಎಂದಿಟ್ಟುಕೊಳ್ಳಿ. ಈ ಸಲ ಅವಳು ದಾಟುವ ಹುಡುಗಿ ಎಂಬುದು ನಿಮಗೂ ಗೊತ್ತು, ಮೇಷ್ಟ್ರಿಗೂ ಗೊತ್ತು. ಆದರೆ ಪರೀಕ್ಷೆಯೇ ನಡೆಯಲಿಲ್ಲ. ಆಗ ಒಂದು ಕಂಪ್ಯೂಟರ್ ಲೆಕ್ಕಾಚಾರ, ‘ಈ ಶಾಲೆಯವರು ಹಿಂದೆ ದಾಟಿಲ್ಲ, ಆದ್ದರಿಂದ ಇವಳೂ ದಾಟಲಾರಳು’ ಎಂದು ತೀರ್ಮಾನಿಸಿ ಅಂಕಪಟ್ಟಿ ಕೈಗಿಟ್ಟರೆ ನೀವು ಯಾರ ಬಾಗಿಲು ತಟ್ಟುತ್ತೀರಿ?

ಇದು ಕಟ್ಟುಕತೆಯಲ್ಲ. 2020ರಲ್ಲಿ ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ ಇದೇ ನಡೆಯಿತು. ಕೊರೊನಾ ಕಾರಣಕ್ಕೆ ಅಲ್ಲಿನ ‘ಎ ಲೆವೆಲ್’ ಪರೀಕ್ಷೆ ರದ್ದಾಯಿತು. ನಮ್ಮ ದ್ವಿತೀಯ ಪಿಯುಸಿಯಂತೆ ವಿಶ್ವವಿದ್ಯಾಲಯದ ಸೀಟನ್ನು ನಿರ್ಧರಿಸುವ ಪರೀಕ್ಷೆ ಅದು. ಪ್ರತಿ ವಿದ್ಯಾರ್ಥಿಗೆ ಯಾವ ಗ್ರೇಡ್ ಬರಬಹುದಿತ್ತು, ತರಗತಿಯಲ್ಲಿ ಯಾರು ಮೊದಲು, ಯಾರು ಕೊನೆ ಎಂದು ಶಿಕ್ಷಕರು ಬರೆದು ಕಳಿಸಿದರು. ಶಿಕ್ಷಕರು ಉದಾರವಾಗಿ ಗ್ರೇಡ್ ಕೊಟ್ಟುಬಿಡುತ್ತಾರೆ ಎಂಬುದು ಅಲ್ಲಿನ ಪರೀಕ್ಷಾ ನಿಯಂತ್ರಕ ಸಂಸ್ಥೆ ಆಫ್‌ಕ್ವಾಲ್‌ನ ಅಂಜಿಕೆ. ಹಾಗಾಗಿ ಅದೊಂದು ಸೂತ್ರ ರೂಪಿಸಿತು. ಆ ಶಾಲೆಯ ಹಿಂದಿನ ಮೂರು ವರ್ಷಗಳ ಫಲಿತಾಂಶ ಹೇಗಿತ್ತೋ ಈ ವರ್ಷದ ಗ್ರೇಡುಗಳನ್ನೂ ಹೆಚ್ಚುಕಡಿಮೆ ಹಾಗೆಯೇ ಹಂಚುವುದು, ಶಿಕ್ಷಕರು ಕೊಟ್ಟ ಕ್ರಮಾಂಕದ ಪ್ರಕಾರ ಮಕ್ಕಳನ್ನು ಅದರಲ್ಲಿ ಕೂರಿಸುವುದು.

ಆಗಸ್ಟ್ 13ರಂದು ಫಲಿತಾಂಶ ಬಂತು. ಶಿಕ್ಷಕರು ಅಂದಾಜಿಸಿದ ಗ್ರೇಡುಗಳ ಪೈಕಿ ಶೇ. 39ರಷ್ಟು ಕೆಳಗಿಳಿದಿದ್ದವು. ಒಂದು ವಿಷಯದಲ್ಲಿ ಐದೋ ಅದಕ್ಕಿಂತ ಕಡಿಮೆಯೋ ವಿದ್ಯಾರ್ಥಿಗಳಿದ್ದರೆ ಸೂತ್ರ ಅನ್ವಯಿಸದೆ ಶಿಕ್ಷಕರ ಮಾತನ್ನೇ ಒಪ್ಪಬೇಕೆಂಬ ನಿಯಮವಿತ್ತು. ಕೇಳಲು ನ್ಯಾಯವೇ. ಆದರೆ ಅಷ್ಟು ಸಣ್ಣ ತರಗತಿಗಳು ಹೆಚ್ಚಾಗಿ ಇರುವುದು ದುಬಾರಿ ಶುಲ್ಕದ ಖಾಸಗಿ ಶಾಲೆಗಳಲ್ಲಿ. ಅತ್ಯುನ್ನತ ಗ್ರೇಡ್ ಪಡೆದವರ ಪ್ರಮಾಣ ಖಾಸಗಿ ಶಾಲೆಗಳಲ್ಲಿ 4.7 ಶೇಕಡಾಂಶ ಏರಿತು. ಸಾಮಾನ್ಯ ಸರ್ಕಾರಿ ಶಾಲೆಗಳಲ್ಲಿ ಏರಿದ್ದು 2 ಮಾತ್ರ. ಸೂತ್ರದಲ್ಲಿ ಎಲ್ಲಿಯೂ ‘ಬಡವರ ಮಕ್ಕಳಿಗೆ ಕಡಿಮೆ ಕೊಡು’ ಎಂದು ಬರೆದಿರಲಿಲ್ಲ. ಬರೆಯಬೇಕಾದ ಅಗತ್ಯವೇ ಇರಲಿಲ್ಲ.

ಫಲಿತಾಂಶಕ್ಕೆ ಮೊದಲೇ ಇದನ್ನು ಯಾರಾದರೂ ಹೊರಗಿನವರು ಪರಿಶೀಲಿಸಬಹುದಿತ್ತಲ್ಲ? ಅಲ್ಲಿನ ಸಂಖ್ಯಾಶಾಸ್ತ್ರಜ್ಞರ ಸಂಘವಾದ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ನೆರವಿಗೆ ಮುಂದೆ ಬಂದಿತ್ತು. ಆದರೆ ನೋಡಿದ್ದನ್ನು ವರ್ಷಗಟ್ಟಲೆ ಬಾಯಿಬಿಡಬಾರದೆಂಬ ಕರಾರಿಗೆ ಸಹಿ ಹಾಕಬೇಕಿದ್ದರಿಂದ ಮಾತುಕತೆ ಅಲ್ಲಿಗೇ ನಿಂತಿತು. ಸೂತ್ರದ ವಿವರವುಳ್ಳ 319 ಪುಟಗಳ ವರದಿ ಹೊರಬಂದದ್ದು ಫಲಿತಾಂಶದ ದಿನವೇ! ಮಕ್ಕಳು ಬೀದಿಗಿಳಿದರು. ನಾಲ್ಕೇ ದಿನಕ್ಕೆ, ಆಗಸ್ಟ್ 17ರಂದು, ಸರ್ಕಾರ ಸೂತ್ರವನ್ನು ಕೈಬಿಟ್ಟು ಶಿಕ್ಷಕರ ಗ್ರೇಡುಗಳನ್ನೇ ಒಪ್ಪಿತು. ಆಫ್‌ಕ್ವಾಲ್ ಮುಖ್ಯಸ್ಥೆ ಸ್ಯಾಲಿ ಕಾಲಿಯರ್ ರಾಜೀನಾಮೆ ಕೊಟ್ಟರು. ಪ್ರಧಾನಿ ಬೋರಿಸ್ ಜಾನ್ಸನ್ ಶಾಲಾ ಮಕ್ಕಳೆದುರು ಇದನ್ನೊಂದು ‘ವಿಕೃತ’ ಲೆಕ್ಕಾಚಾರ ಎಂದು ಕರೆದು ಮುಗಿಸಿದರು. ಅದು ತಾನಾಗಿ ಮಣ್ಣಿನಿಂದ ಎದ್ದು ಬಂದಿತ್ತು ಎಂಬಂತೆ! ಸೂತ್ರ ಬರೆದವರೂ ಮನುಷ್ಯರೇ, ಒಪ್ಪಿಗೆ ಕೊಟ್ಟವರೂ ಮನುಷ್ಯರೇ.

ದೂರದ ಇಂಗ್ಲೆಂಡಿನ ಕತೆ ನಮ್ಮ ಗಡಿಶಾಲೆಗೇಕೆ ಎನ್ನುತ್ತೀರಾ? ಮರುವರ್ಷವೇ, 2021ರಲ್ಲಿ, ಪರೀಕ್ಷೆ ರದ್ದಾದಾಗ ನಮ್ಮ ಸಿಬಿಎಸ್‌ಇ ಕೂಡ ಶಾಲೆಗಳು ಕೊಟ್ಟ ಅಂಕಗಳನ್ನು ಆಯಾ ಶಾಲೆಯ ಹಿಂದಿನ ಮೂರು ವರ್ಷಗಳ ಪೈಕಿ ಉತ್ತಮವಾದ ವರ್ಷಕ್ಕೆ ಹೊಂದಿಸಬೇಕೆಂದಿತು. ತಮಿಳುನಾಡು ಹತ್ತನೇ ತರಗತಿಯವರನ್ನೆಲ್ಲ ತೇರ್ಗಡೆ ಮಾಡಿತು. ಕೇರಳ, ಕರ್ನಾಟಕ ಪರೀಕ್ಷೆಯನ್ನೇ ನಡೆಸಿದವು. ಒಬ್ಬ ಮಗುವಿನ ಭವಿಷ್ಯವನ್ನು ಅವನ ಶಾಲೆಯ ಭೂತಕಾಲದಿಂದ ಅಳೆಯುವ ಪದ್ಧತಿ ಹೀಗೆ ನಮ್ಮ ಹೊಸ್ತಿಲಿಗೂ ಬಂದು ಹೋಗಿದೆ. ಶಿಕ್ಷಕರ ಹುದ್ದೆ ಖಾಲಿ ಬಿದ್ದು, ಪಠ್ಯಪುಸ್ತಕ ತಡವಾಗಿ ಬಂದು ಫಲಿತಾಂಶ ಕುಸಿದ ಕನ್ನಡ ಶಾಲೆಗೆ ಇದರ ಅರ್ಥವೇನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನೂ ಹತ್ತಿರದ ಉದಾಹರಣೆ ತೆಲಂಗಾಣದ್ದು. ನಾರಾಯಣಪೇಟೆ, ಮಕ್ತಲ್ ಕಡೆಯ ಓದುಗರು ‘ಸಮಗ್ರ ವೇದಿಕ’ ಎಂಬ ಹೆಸರು ಕೇಳಿರಬಹುದು. ಸರ್ಕಾರದ ಬೇರೆ ಬೇರೆ ಇಲಾಖೆಗಳ ದಾಖಲೆಗಳನ್ನು ಹೆಸರು, ವಿಳಾಸಗಳ ಹೋಲಿಕೆಯಿಂದ ಜೋಡಿಸಿ, ಯಾರು ಬಡವರು, ಯಾರು ಅಲ್ಲ ಎಂದು ಗುರುತಿಸುವ ತಂತ್ರಾಂಶ ಅದು. 2014ರಿಂದ 2019ರ ನಡುವೆ ಆ ರಾಜ್ಯದಲ್ಲಿ 18 ಲಕ್ಷಕ್ಕೂ ಹೆಚ್ಚು ಪಡಿತರ ಚೀಟಿಗಳು ರದ್ದಾದವು. ಹೈದರಾಬಾದಿನ ಒಬ್ಬ ರಿಕ್ಷಾ ತುಳಿಯುವವನನ್ನು ದಾಖಲೆ ಕಾರಿನ ಮಾಲೀಕ ಎಂದಿತು. ಕಾರು ಅದೇ ಬಗೆಯ ಹೆಸರಿನ ಬೇರೊಬ್ಬನದು. ವಿಷಯ ಸುಪ್ರೀಂ ಕೋರ್ಟ್ ತಲುಪಿತು. ರದ್ದಾದ ಚೀಟಿಗಳನ್ನು ಮನೆಗೇ ಹೋಗಿ ಪರಿಶೀಲಿಸಿ ಎಂದು 2022ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಆದೇಶಿಸಿದ ಮೇಲೆ ಸಾವಿರಾರು ಕುಟುಂಬಗಳು ಅರ್ಹವೆಂದೇ ಕಂಡುಬಂದವು. ಆ ತಂತ್ರಾಂಶದ ಒಳಗೇನಿದೆ ಎಂದು ಪತ್ರಕರ್ತರು ಮಾಹಿತಿ ಹಕ್ಕಿನಡಿ ಕೇಳಿದರೆ, ಅದರ ಹಕ್ಕು ಪಾಸಿಡೆಕ್ಸ್ ಎಂಬ ಖಾಸಗಿ ಕಂಪನಿಯದೆಂದು ಉತ್ತರ ಬಂತು. ಚೀಟಿ ರದ್ದು ಮಾಡಿದ್ದು ಸರ್ಕಾರ, ಗುಟ್ಟು ಕಂಪನಿಯದು, ಹಸಿವು ಮನೆಯವರದು.

ಹೆಸರು ಹೋಲಿಸುವ ಯಂತ್ರದ ಮುಂದೆ ಗಡಿನಾಡಿನವರ ಪಾಡು ಉಳಿದವರದ್ದಕ್ಕಿಂತ ಕಷ್ಟ. ಒಂದೇ ಹೆಸರನ್ನು ಯೋಚಿಸಿ: ಗೀತಾ. ತಮಿಳು ಲಿಪಿಯಲ್ಲಿ ‘ಗ’ಕ್ಕೂ ‘ಕ’ಕ್ಕೂ ಒಂದೇ ಅಕ್ಷರ. ಇಂಗ್ಲಿಷಿನಲ್ಲಿ ಬರೆಯುವಾಗ ಹೊಸೂರಿನವರು ‘ಟಿ’ಯ ಮುಂದೆ ‘ಎಚ್’ ಸೇರಿಸುತ್ತಾರೆ, ಜತ್ತಿನವರು ಸೇರಿಸುವುದಿಲ್ಲ. ಸೊಲ್ಲಾಪುರದಲ್ಲಿ ಅವಳ ಹೆಸರಿನ ಬೆನ್ನಿಗೆ ತಂದೆಯ ಹೆಸರು, ಆಮೇಲೆ ಅಡ್ಡಹೆಸರು. ತಾಳವಾಡಿಯಲ್ಲಿ ಮುಂದೊಂದು ಇನಿಷಿಯಲ್ ಮಾತ್ರ. ಆಧಾರ್‌ನಲ್ಲಿ ಒಂದು, ಪಡಿತರ ಚೀಟಿಯಲ್ಲಿ ಇನ್ನೊಂದು, ಕರ್ನಾಟಕದ ಕಾಲೇಜಿಗೆ ಸೇರುವಾಗ ವರ್ಗಾವಣೆ ಪತ್ರದಲ್ಲಿ ಮತ್ತೊಂದು. ಗುಮಾಸ್ತನಾದರೆ ಮುಖ ನೋಡಿ ‘ಅದೇ ಹುಡುಗಿ’ ಎನ್ನುತ್ತಿದ್ದ. ಯಂತ್ರ ಮೂವರನ್ನು ಕಾಣುತ್ತದೆ, ಇಲ್ಲವೇ ಬೇರೊಬ್ಬಳ ಜೊತೆ ಸೇರಿಸಿಬಿಡುತ್ತದೆ. ಈಗ ವಿದ್ಯಾರ್ಥಿಗಳಿಗೆ ಕೊಡುತ್ತಿರುವ 12 ಅಂಕಿಯ ‘ಅಪಾರ್’ ಗುರುತಿಗೂ ಶಾಲಾ ದಾಖಲೆಯ ಹೆಸರು ಆಧಾರ್‌ಗೆ ತಾಳೆಯಾಗಬೇಕು. ಅದಕ್ಕೆ ನಿಮ್ಮ ಒಪ್ಪಿಗೆಯೂ ಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದಾಗ ಎರಡೂ ಹೆಸರುಗಳ ಅಕ್ಷರಗಳನ್ನು ಒಂದೊಂದಾಗಿ ನೋಡಿಕೊಳ್ಳಿ. ವ್ಯತ್ಯಾಸವಿದ್ದರೆ ಮುಖ್ಯೋಪಾಧ್ಯಾಯರಿಗೆ ಆಗಲೇ ತಿಳಿಸಿ. ಹತ್ತನೇ ತರಗತಿಯ ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದಿಸುವ ಅಲೆದಾಟ ಬಲ್ಲವರೇ ಬಲ್ಲರು.

ಕಾನೂನು ಏನು ಹೇಳುತ್ತದೆ? ಯಂತ್ರ ಮಾತ್ರವೇ ತೀರ್ಮಾನಿಸಬಾರದು ಎಂಬ ನಿಯಮ ಯುರೋಪಿನಲ್ಲಿದೆ. ಆದರೂ ಶಿಕ್ಷಕರ ಕ್ರಮಾಂಕ ಬಳಸಿದ್ದರಿಂದ ತಮ್ಮದು ಯಂತ್ರದ್ದೇ ತೀರ್ಮಾನವಲ್ಲ ಎಂದು ಆಫ್‌ಕ್ವಾಲ್ ವಾದಿಸಿತ್ತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ, ತಪ್ಪು ಮಾಹಿತಿ ತಿದ್ದಿಸುವ ಹಕ್ಕನ್ನೂ ಕೊಡುತ್ತದೆ; ಯಂತ್ರದ ತೀರ್ಮಾನಕ್ಕೆ ಕಾರಣ ಕೇಳುವ ಹಕ್ಕನ್ನು ಮಾತ್ರ ಕೊಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದು ದೊಡ್ಡ ಕೊರತೆ. ತಂತ್ರಾಂಶ ಮಾರಿದ ಕಂಪನಿ ಹಣ ಪಡೆದು ದೂರ ನಿಲ್ಲುವುದಕ್ಕೆ ದಾರಿ ಇರುವುದೂ ಇಲ್ಲಿಯೇ.

ಹಾಗೆಂದು ಕೈ ಕಟ್ಟಿ ಕೂರಬೇಕಿಲ್ಲ. ಸರ್ಕಾರಿ ಕಚೇರಿ ತಾನು ಕೈಗೊಂಡ ತೀರ್ಮಾನದ ಕಾರಣವನ್ನು ಅದರಿಂದ ಬಾಧಿತರಾದವರಿಗೆ ತಿಳಿಸಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂನಲ್ಲೇ ಇದೆ. ಬರೆದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ವಿದ್ಯಾರ್ಥಿವೇತನದ ಅರ್ಜಿ ಪರದೆಯ ಮೇಲೆ ಬರೀ ‘ತಿರಸ್ಕೃತ’ ಎಂದು ತೋರಿಸಿದರೆ, ‘ಸಿಸ್ಟಂ ಹಾಗೆ ತೋರಿಸುತ್ತದೆ’ ಎಂಬ ಮಾತನ್ನು ಉತ್ತರವೆಂದು ಒಪ್ಪಬೇಡಿ. ಯಾವ ದಾಖಲೆಯ ಆಧಾರದ ಮೇಲೆ ತಿರಸ್ಕರಿಸಿದರು, ತೀರ್ಮಾನಕ್ಕೆ ಹೊಣೆಯಾದ ಅಧಿಕಾರಿ ಯಾರು ಎಂದು ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಆ ದೂರನ್ನು ಕನ್ನಡದಲ್ಲೇ ಬರೆಯಬಹುದು: ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕಚೇರಿಯಲ್ಲಿ ಕನ್ನಡ ಅರ್ಜಿಯನ್ನು ಹಿಂದಿರುಗಿಸಿದರೆ ಆ ವಿಧಿಯ ಸಂಖ್ಯೆಯನ್ನು ಅರ್ಜಿಯ ತಲೆಬರಹದಲ್ಲೇ ಬರೆದು ಮತ್ತೆ ಕೊಡಿ.